ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳದೆ ಧೈರ್ಯ ತುಂಬುವುದು ಹೇಗೆ?

ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೇ ಹಂತದಲ್ಲಿದೆ, ವಿಷಯ ಮುಚ್ಚಿಟ್ಟಿದ್ದೇವೆ, ಆದರೂ ಅವರು ಮಂಕಾಗಿದ್ದಾರೆ ಎಂದು ಬರೆದಿದ್ದೀರಿ. ನಾನು ಇಂಥ ರೋಗಿಗಳ ನಡುವೆ ಕೆಲಸ ಮಾಡುವ ಆಪ್ತಸಮಾಲೋಚಕಿ. ನಾನು ಕಂಡಂತೆ, ಮುಚ್ಚಿಟ್ಟ ವಿಷಯ ರೋಗಿಗೆ ಬಹುಪಾಲು ಗೊತ್ತಿರುತ್ತದೆ.

ಮಕ್ಕಳು ‘ಗ್ಯಾಸ್ಟ್ರಿಕ್ ಅಷ್ಟೇ’ ಎಂದು ನಂಬಿಸಿದ್ದ ರೈತರೊಬ್ಬರು ನೆನಪಾಗುತ್ತಾರೆ. ಮಗ ಔಷಧಿ ತರಲು ಹೋದದ್ದೇ ತಡ, ದಿಂಬಿನಡಿಯಿಂದ ಸೊಸೈಟಿ ಸಾಲದ ಪಾಸ್‌ಪುಸ್ತಕ ತೆಗೆದು, ‘ಎಷ್ಟು ದಿನ ಇದೆಯಮ್ಮಾ? ಇದನ್ನು ತೀರಿಸಬೇಕು. ಮಕ್ಕಳಿಗೆ ಗೊತ್ತಾಗುವುದು ಬೇಡ’ ಎಂದರು. ಮಗನೂ ಹೊರಗೆ ನನ್ನ ಕೈ ಹಿಡಿದು ಹೇಳಿದ್ದು ಅದನ್ನೇ: ‘ಅಪ್ಪನಿಗೆ ಗೊತ್ತಾಗುವುದು ಬೇಡ.’

ಹಾಗೆಂದು ಇವತ್ತೇ ಎಲ್ಲವನ್ನೂ ಹೇಳಿಬಿಡಬೇಡಿ. ಟಿ.ವಿ. ಆರಿಸಿ, ಪಕ್ಕದಲ್ಲಿ ಕುಳಿತು, ‘ಅಪ್ಪಾ, ಈ ಕಾಯಿಲೆ ಬಗ್ಗೆ ನಿಮಗೇನನಿಸುತ್ತದೆ?’ ಎಂದು ಕೇಳಿ. ‘ನನಗೇನೂ ಹೇಳಬೇಡ, ನೀನೇ ನೋಡಿಕೋ’ ಎಂದರೆ ಅದೂ ಅವರ ಹಕ್ಕು. ‘ನಾನು ಉಳಿಯುತ್ತೇನೆಯೇ?’ ಎಂದು ಕೇಳಿದರೆ ಮಾತ್ರ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸಬೇಡಿ. ಹಾಗೇಕೆ ಅನಿಸಿತು ಎಂದು ಕೇಳಿ, ಸುಮ್ಮನಿರಿ. ಅವರು ಅತ್ತರೆ ಅಳಲಿ.

ಇನ್ನೊಂದು ವಿಷಯ, ನೋವು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಗುಣವಾಗದ ಕಾಯಿಲೆಯವರ ಆರೈಕೆ ಕೇಂದ್ರ) ತೆರೆದ ವೈದ್ಯೆ ಸಿಸಿಲಿ ಸಾಂಡರ್ಸ್, ದೇಹದ ನೋವು, ಮನಸ್ಸಿನ ದುಃಖ, ಸಂಸಾರದ ಚಿಂತೆ, ಬದುಕಿನ ಅರ್ಥದ ತಳಮಳ ಎಲ್ಲವನ್ನೂ ಒಂದೇ ನೋವಾಗಿ ಕಂಡವರು. ರಾತ್ರಿಯಿಡೀ ನರಳುವವರಿಗೆ ಸಮಾಧಾನದ ಮಾತು ಕಿವಿಗೆ ಬೀಳುವುದಿಲ್ಲ. ವೈದ್ಯರು ನೋವು ಕಡಿಮೆ ಮಾಡಲು ಮಾರ್ಫಿನ್ ಬರೆದರೆ ಚಟವಾದೀತೆಂದು ಹೆದರಬೇಡಿ. ಅವರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಕ್ಯಾನ್ಸರ್ ನೋವಿನಲ್ಲಿ ಹಾಗಾಗುವುದು ಅಪರೂಪ.

ಮಂಕುತನ ಎರಡು ವಾರ ದಾಟಿದರೆ, ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ, ಅದು ಖಿನ್ನತೆಯೂ ಇರಬಹುದು. ಕ್ಯಾನ್ಸರ್ ಇದ್ದರೂ ಖಿನ್ನತೆಗೆ ಚಿಕಿತ್ಸೆ ಇದೆ, ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಿಮಗೇ ಸಾಕಾಯಿತು ಎನಿಸಿದಾಗ ನೀವೂ ಮಾಡಿ. ಬೆಂಗಳೂರಿನವರಾದರೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯವನ್ನು ವಿಚಾರಿಸಿ. ಅಲ್ಲಿ ಆರೈಕೆಗೆ ಹಣ ಕೇಳುವುದಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅಪ್ಪನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ರಿಪೋರ್ಟ್ ಹಿಡಿದು ನೀವೊಬ್ಬರೇ ವೈದ್ಯರ ಕೋಣೆಗೆ ಹೋಗಬೇಡಿ. ‘ನೀವೂ ಬರುತ್ತೀರಾ ಅಪ್ಪಾ?’ ಎಂದು ಕೇಳಿ ನೋಡಿ.