ಎಸ್ಸೆಸ್ಸೆಲ್ಸಿ ಆಯ್ತು, ಎಲೆಕ್ಟ್ರಿಷಿಯನ್ ಆಗಬೇಕು. ಐಟಿಐ ಸೇರಲೋ, ಸೀದಾ ಕೆಲಸಕ್ಕೆ ಹೋಗಲೋ?

ಪರಿಚಯದ ವೈರಿಂಗ್ ಕಂಟ್ರಾಕ್ಟರ್ ಒಬ್ಬರು ನಾಳೆಯಿಂದಲೇ ಬಾ ಅಂತಿದ್ದಾರೆ, ಹೀಗಿರುವಾಗ ಐಟಿಐಗೆ 2 ವರ್ಷ ಹಾಕುವುದು ದಂಡವೇ ಅಂತ ಕೇಳಿದ್ದೀರಿ. ದಂಡ ಅಲ್ಲ. ಐಟಿಐ ಸೇರಿ, ರಜೆಯಲ್ಲಿ ಅವರ ಜೊತೆ ಸೈಟಿಗೂ ಹೋಗಿ. ನಾನು ಐಟಿಐ ಓದಿ, ದಾವಣಗೆರೆ ಕಡೆ ಮನೆ ವೈರಿಂಗ್ ಮಾಡಿಕೊಂಡಿರುವವನು. ಎರಡೂ ದಾರಿಯಲ್ಲಿ ಬಂದ ಹುಡುಗರ ಜೊತೆ ಕೆಲಸ ಮಾಡಿದ್ದೇನೆ.

ಸೈಟಿನಲ್ಲಿ ಕೈ ಬೇಗ ಪಳಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಕಾಂಕ್ರೀಟ್ ಹಾಕುವ ಮುಂಚೆ ಕಂಬಿ ಮೇಲೆ ಪೈಪ್ ಎಳೆಯುವುದು, ಫ್ಯಾನ್ ಬಾಕ್ಸ್ ಕೂರಿಸುವುದು, ಗೋಡೆ ಕಟಿಂಗ್, ವೈರ್ ಎಳೆಯುವುದು ಇವನ್ನೆಲ್ಲ ಯಾವ ಕಾಲೇಜಿನ ವರ್ಕ್‌ಶಾಪೂ ಪೂರ್ತಿ ಕಲಿಸುವುದಿಲ್ಲ. ಪೈಪ್ ಜಾಯಿಂಟಿಗೆ ಸಲ್ಯೂಷನ್ ಹಚ್ಚದೆ ಬಿಟ್ಟರೆ ಸಿಮೆಂಟ್ ಹಾಲು ಒಳಗೆ ಇಳಿದು ಗಟ್ಟಿಯಾಗುತ್ತದೆ, ಆಮೇಲೆ ಏನು ಮಾಡಿದರೂ ವೈರ್ ಹೋಗುವುದಿಲ್ಲ. ಇಂಥದ್ದೆಲ್ಲ ಸೈಟಿನಲ್ಲೇ ಗೊತ್ತಾಗಬೇಕು.

ಆದರೆ ವೈರ್ ಎಳೆಯುವುದು ಈ ಕೆಲಸದ ಅರ್ಧ ಮಾತ್ರ. ಇನ್ನರ್ಧ ಫಾಲ್ಟ್ ಹುಡುಕುವುದು. ಜನ ನಿಮ್ಮನ್ನು ಹುಡುಕಿಕೊಂಡು ಬರುವುದು ಅದಕ್ಕೇ.

ಒಂದು ಮನೆಯ ಕತೆ ಹೇಳುತ್ತೇನೆ. ಎರಡು ಮಹಡಿ, ಮಹಡಿಗೊಂದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಟ್ರಿಪ್ ಆಗಿ ಸಪ್ಲೈ ಕಡಿಯುವ ಸ್ವಿಚ್. ಮೆಟ್ಟಿಲ ಹತ್ತಿರದ ಟ್ಯೂಬ್‌ಲೈಟ್ ಹಾಕಿದರೆ ಸಾಕು, ಮನೆ ಕರೆಂಟ್ ಹೋಗುತ್ತಿತ್ತು. ಮೊದಲು ಬಂದವರು ಹೊಸ ಆರ್‌ಸಿಸಿಬಿ ಹಾಕಿದರು, ಅದೂ ಟ್ರಿಪ್ ಆಯಿತು. ಕೊನೆಗೆ ಎರಡನ್ನೂ ತೆಗೆದು ಡೈರೆಕ್ಟ್ ಮಾಡಿ ಹೋಗಿದ್ದರು. ಮಕ್ಕಳಿರುವ ಮನೆ! ಸ್ವಿಚ್ ಬಾಕ್ಸ್ ಬಿಚ್ಚಿ ನೋಡಿದರೆ ಟ್ಯೂಬಿಗೆ ಕರೆಂಟ್ ತರುವ ಫೇಸ್ ಕೆಳಗಿನ ಮಹಡಿಯದು, ವಾಪಸ್ ಒಯ್ಯುವ ನ್ಯೂಟ್ರಲ್ ಮೇಲಿನ ಮಹಡಿಯದು. ನ್ಯೂಟ್ರಲ್‌ನ ಕಪ್ಪು ವೈರ್ ಹತ್ತಿರದಲ್ಲಿ ಸಿಕ್ಕಿತು ಅಂತ ಯಾರೋ ಅದಕ್ಕೇ ಸುತ್ತಿ ಟೇಪ್ ಹಾಕಿದ್ದರು.

ಆರ್‌ಸಿಸಿಬಿ ಮಾಡುವುದು ಒಂದೇ ಲೆಕ್ಕ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ತನ್ನ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ನೋಡುತ್ತದೆ. ಮನೆಗೆ ಹಾಕುವ 30 ಮಿಲಿ ಆಂಪ್‌ನದ್ದು ಅಷ್ಟು ವ್ಯತ್ಯಾಸ ಕಂಡರೆ ಬಿದ್ದುಬಿಡುತ್ತದೆ. 20 ವ್ಯಾಟಿನ ಟ್ಯೂಬ್ 230 ವೋಲ್ಟಿನಲ್ಲಿ ಹೆಚ್ಚುಕಡಿಮೆ 90 ಮಿಲಿ ಆಂಪ್ ಎಳೆಯುತ್ತದೆ. ಅದು ಬೇರೆ ದಾರಿಯಲ್ಲಿ ವಾಪಸ್ ಹೋದರೆ ಟ್ರಿಪ್ ಆಗದೆ ಇನ್ನೇನು? ಇನ್ನೂ ಅಪಾಯದ ಮಾತೆಂದರೆ, ಮೇಲಿನ ಮಹಡಿಯ ಸಪ್ಲೈ ಆಫ್ ಮಾಡಿ ಆ ನ್ಯೂಟ್ರಲ್ ಜಾಯಿಂಟ್ ಬಿಚ್ಚಿದರೆ, ಟ್ಯೂಬಿನ ಮೂಲಕ ಕೆಳಗಿನ ಫೇಸ್ ಆ ಕಪ್ಪು ವೈರಿಗೆ ಬಂದಿರುತ್ತದೆ. ಮುಟ್ಟಿದವನ ಗತಿ ಏನು? ಕೆಳಗಿನ ಡಿಬಿಯಿಂದಲೇ (ಎಂಸಿಬಿಗಳಿರುವ ಬಾಕ್ಸ್) ಟ್ಯೂಬಿಗೆ ಬೇರೆ ನ್ಯೂಟ್ರಲ್ ಎಳೆದು, ಎರಡೂ ಆರ್‌ಸಿಸಿಬಿ ವಾಪಸ್ ಹಾಕಿಸಿದೆ.

ಈ ಲೆಕ್ಕ ಐಟಿಐನಲ್ಲಿ ಸಿಗುತ್ತದೆ. ಮೀಟರ್ ಹಿಡಿಯುವುದು, ಮೆಗ್ಗರ್ ಅನ್ನುವ ಮೀಟರಿನಲ್ಲಿ ವೈರಿನ ಇನ್ಸುಲೇಷನ್ ಸರಿಯಿದೆಯಾ ನೋಡುವುದು, ಅರ್ಥಿಂಗ್, ಮೋಟಾರ್ ಕನೆಕ್ಷನ್, ದೊಡ್ಡ ಮೋಟಾರ್ ಶುರು ಮಾಡುವ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಎಲ್ಲ ಅಲ್ಲಿದೆ. ಕಂಟ್ರಾಕ್ಟರ್‌ಗೆ ಇದನ್ನು ಕೂರಿಸಿಕೊಂಡು ಹೇಳಿಕೊಡಲು ಪುರುಸೊತ್ತಿರುವುದಿಲ್ಲ ಪಾಪ, ಅವರಿಗೆ ಪಾಯಿಂಟ್ ಲೆಕ್ಕದಲ್ಲಿ ಕೆಲಸ ಮುಗಿಯಬೇಕು.

ಸರ್ಟಿಫಿಕೇಟಿನ ಲಾಭವೂ ಇದೆ. ಐಟಿಐ ಆದಮೇಲೆ ಕಂಪನಿಗಳಲ್ಲಿ ಅಪ್ರೆಂಟಿಸ್‌ಶಿಪ್ ಮಾಡಬಹುದು, ಸ್ಟೈಪೆಂಡ್ ಕೊಡಲೇಬೇಕೆಂದು ಕಾನೂನೇ ಇದೆ. ಇನ್ನೂ ಓದುವ ಮನಸ್ಸಾದರೆ ಡಿಪ್ಲೊಮಾ 2ನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯಿದೆ. ಮುಂದೆ ಸ್ವಂತವಾಗಿ ಕಂಟ್ರಾಕ್ಟ್ ಹಿಡಿಯಬೇಕೆಂದರೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್, ಲೈಸೆನ್ಸ್ ಬೇಕು. ಲೈನ್‌ಮನ್ ಕೆಲಸದ ಕನಸಿದ್ದರೆ ಮಾತ್ರ ಬೇರೆ ಲೆಕ್ಕ. ಅಲ್ಲಿ ಎಸ್ಸೆಸ್ಸೆಲ್ಸಿ ಅಂಕ ನೋಡುತ್ತಾರೆ, ಕಂಬ ಹತ್ತಿ ತೋರಿಸಬೇಕು.

ಐಟಿಐ ಆರಿಸುವಾಗ ಕಟ್ಟಡ ನೋಡಬೇಡಿ, ವರ್ಕ್‌ಶಾಪ್ ನೋಡಿ. ಮೋಟಾರ್‌ಗಳು ಓಡುತ್ತವಾ, ಸುಮ್ನೆ ಧೂಳು ಹಿಡಿದಿವೆಯಾ? 2ನೇ ವರ್ಷದ ಹುಡುಗರನ್ನು ಹೊರಗೆ ಕರೆದು, ಮೆಗ್ಗರ್ ಕೈಗೆ ಕೊಡುತ್ತಾರಾ ಅಂತ ಕೇಳಿ. ಅವರು ನಿಜ ಹೇಳುತ್ತಾರೆ.

ರಜೆಯಲ್ಲಿ ಸೈಟಿಗೆ ಹೋದ ಮೊದಲ ದಿನದಿಂದಲೇ ಒಂದು ಅಭ್ಯಾಸ ಮಾಡಿಕೊಳ್ಳಿ. ಮೇನ್ ಆಫ್ ಆಗಿದೆ ಅಂತ ಯಾರು ಹೇಳಿದರೂ ನಂಬಬೇಡಿ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆಫ್ ಆದರೂ ಕೆಲವು ಪಾಯಿಂಟ್‌ಗಳಲ್ಲಿ ಕರೆಂಟ್ ಇರುತ್ತದೆ. ಟೆಸ್ಟ್ ಲ್ಯಾಂಪನ್ನು (ಕರೆಂಟ್ ಇದೆಯಾ ನೋಡಲು ಎರಡು ವೈರ್ ಕಟ್ಟಿದ ಬಲ್ಬು) ಮೊದಲು ಕರೆಂಟ್ ಇರುವ ಕಡೆ ಹಿಡಿದು ಅದು ಉರಿಯುತ್ತದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಕೆಲಸ ಮಾಡುವ ವೈರ್ ನೋಡಿ. ಮತ್ತೆ ಕರೆಂಟ್ ಇರುವ ಕಡೆ ಒಂದು ಸಲ ಹಿಡಿದು ನೋಡಿ, ಲ್ಯಾಂಪೇ ನಡುವೆ ಕೈಕೊಟ್ಟಿರಬಹುದು ಅಲ್ವಾ? ಇಷ್ಟಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಬೇಗ ಮುಗಿಸು ಅಂತ ಯಾರಾದರೂ ಗದರಿದರೆ ಗದರಲಿ, ನೀವು ಮೂರೂ ಸಲ ನೋಡಿಯೇ ಕೈ ಹಾಕಿ.