ಪಾರ್ಲಿಮೆಂಟಿಗೆ ಹೋದ ಚಿತ್ರಕಾರ

ಪ್ರಶ್ನೆ: ಹದಿನೆಂಟನೇ ಶತಮಾನದ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಪ್ರಸಿದ್ಧ ಚಿತ್ರ ಬರೆದ ನಥಾನಿಯಲ್ ಡ್ಯಾನ್ಸ್ ಮುಂದೆ ಬ್ರಿಟನ್ನಿನ ಪಾರ್ಲಿಮೆಂಟ್ ಸದಸ್ಯರಾದರಂತೆ. ಕುಂಚ ಹಿಡಿದಿದ್ದ ಮನುಷ್ಯ ಅಷ್ಟು ಮೇಲೆ ಬಂದದ್ದು ದೊಡ್ಡ ಸಾಧನೆ ಅಲ್ವಾ? ಚಿತ್ರಕಲೆ ಓದುತ್ತೇನೆ ಎಂದು ಹಟ ಹಿಡಿದಿರುವ ಮಗಳಿಗೂ ಇದನ್ನೇ ಹೇಳಿದೆ.
– ಓದುಗರೊಬ್ಬರು, ಹಾಸನ

ಉತ್ತರ: ಸಾಧನೆ ಅಲ್ಲ ಎಂದು ನಾನು ಹೇಳುವುದಿಲ್ಲ. 1783ರಲ್ಲಿ ಡ್ಯಾನ್ಸ್ ಹ್ಯಾರಿಯೆಟ್ ಡಮ್ಮರ್ ಎಂಬ ಶ್ರೀಮಂತ ವಿಧವೆಯನ್ನು ಮದುವೆಯಾದರು. 1790ರಲ್ಲಿ ಈಸ್ಟ್ ಗ್ರಿನ್‌ಸ್ಟೆಡ್‌ನಿಂದ ಪಾರ್ಲಿಮೆಂಟಿಗೆ ಹೋದರು, ನಡುವೆ ಗ್ರೇಟ್ ಬೆಡ್ವಿನ್‌ನಿಂದಲೂ ಆರಿಸಿ ಬಂದರು. 1800ರಲ್ಲಿ ಬ್ಯಾರೊನೆಟ್ ಎಂಬ ವಂಶಪಾರಂಪರ್ಯದ ಬಿರುದು ಪಡೆದು ಸರ್ ನಥಾನಿಯಲ್ ಡ್ಯಾನ್ಸ್-ಹಾಲೆಂಡ್ ಎನಿಸಿಕೊಂಡರು. ಸರಿಯೇ.

ಆದರೆ ಆ ಎರಡೂ ಕ್ಷೇತ್ರಗಳಲ್ಲಿ ಮತದಾರರು ಕೆಲವೇ ಮಂದಿ. ಅಲ್ಲಿನ ದೊಡ್ಡ ಜಮೀನ್ದಾರರು ಯಾರನ್ನು ತೋರಿಸಿದರೆ ಅವರೇ ಗೆಲ್ಲುತ್ತಿದ್ದರು. 1832ರ ಚುನಾವಣಾ ಸುಧಾರಣಾ ಕಾಯ್ದೆಯಲ್ಲಿ ಎರಡನ್ನೂ ಕ್ಷೇತ್ರಗಳ ಪಟ್ಟಿಯಿಂದಲೇ ತೆಗೆದುಹಾಕಿದರು.

ಈಗ ಕುಕ್‌ನ ಚಿತ್ರಕ್ಕೆ ಬನ್ನಿ. ಮೂರನೇ ಯಾನಕ್ಕೆ ಹೊರಡುವ ಮೊದಲು, 1776ರ ಮೇ ತಿಂಗಳಲ್ಲಿ, ಕುಕ್ ಬಂದು ಕೂತಿದ್ದು ಸ್ವಲ್ಪ ಹೊತ್ತು ಮಾತ್ರ. ಆ ಸ್ವಲ್ಪ ಹೊತ್ತಿನಲ್ಲಿ ಡ್ಯಾನ್ಸ್ ಏನು ಕಂಡರು ನೋಡಿ! ಕಡುನೀಲಿ ಸಮವಸ್ತ್ರ, ಚಿನ್ನದ ಅಂಚು, ಮೇಜಿನ ಮೇಲೆ ಹರಡಿದ ದಕ್ಷಿಣ ಸಾಗರದ ನಕಾಶೆ, ಅದರ ಮೇಲೆ ಬೆರಳು. ಕುಕ್ ನಮ್ಮನ್ನು ನೋಡುತ್ತಿಲ್ಲ. ಹುಬ್ಬು ಗಂಟಿಕ್ಕಿ ಪಕ್ಕಕ್ಕೆ ತಿರುಗಿದ್ದಾನೆ, ಎದ್ದು ಹೋಗುವ ಆತುರ ಮುಖದಲ್ಲೇ ಇದೆ. ಅವನ ಜೊತೆ ಹಡಗಿನಲ್ಲಿದ್ದ ವೈದ್ಯ ಡೇವಿಡ್ ಸ್ಯಾಮ್ವೆಲ್, ತಾನು ಕಂಡ ಚಿತ್ರಗಳಲ್ಲಿ ಕುಕ್‌ನನ್ನು ಹೋಲುವುದು ಇದೊಂದೇ ಎಂದು ಬರೆದಿಟ್ಟ. 1779ರಲ್ಲಿ ಹವಾಯಿಯಲ್ಲಿ ಕುಕ್ ಸತ್ತ. ಇವತ್ತು ನಮಗೆ ಅವನ ಮುಖ ಗೊತ್ತಿರುವುದು ಹೆಚ್ಚಾಗಿ ಡ್ಯಾನ್ಸ್‌ರಿಂದ.

ಈ ಕೈ ಸುಮ್ನೆ ಬಂದದ್ದಲ್ಲ. ಇಟಲಿಯಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಇದ್ದು ಪಳಗಿದ ಕೈ. 1768ರಲ್ಲಿ ಲಂಡನ್ನಿನ ಕಲಾವಿದರ ಸಂಸ್ಥೆ ರಾಯಲ್ ಅಕಾಡೆಮಿ ಶುರುವಾದಾಗ ಸ್ಥಾಪಕ ಸದಸ್ಯರಲ್ಲಿ ಇವರೊಬ್ಬರು. ಮೂರನೇ ಜಾರ್ಜ್ ದೊರೆ, ಪ್ರಧಾನಿ ಲಾರ್ಡ್ ನಾರ್ತ್, ನಮ್ಮ ಚರಿತ್ರೆಯ ರಾಬರ್ಟ್ ಕ್ಲೈವ್, ಎಲ್ಲರನ್ನೂ ಚಿತ್ರಿಸಿದವರು. ಪಾರ್ಲಿಮೆಂಟಿಗೆ ಹೋದ 1790ರಲ್ಲೇ ಅಕಾಡೆಮಿಗೆ ರಾಜೀನಾಮೆ ಕೊಟ್ಟರು. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಆಮೇಲೂ ಹವ್ಯಾಸಕ್ಕೆಂದು ನಿಸರ್ಗದೃಶ್ಯ ಬರೆದು ಪ್ರದರ್ಶನಕ್ಕೆ ಕಳಿಸುತ್ತಿದ್ದರು. ಕುಂಚ ಅವರನ್ನು ಬಿಟ್ಟಿರಲಿಲ್ಲ ಸ್ವಾಮಿ.

ಚಿತ್ರ ಬರೆಯುವುದು ಹೊಟ್ಟೆಪಾಡು, ಕುರ್ಚಿ ಸಿಕ್ಕರೆ ಮಾನ ಎನ್ನುವ ಲೆಕ್ಕ ನಮ್ಮಲ್ಲೂ ಹೋಗಿಲ್ಲ. ಕಲಾ ಪ್ರದರ್ಶನದ ಉದ್ಘಾಟನೆಗೆ ಹೋಗಿ ನೋಡಿ. ಹಾರ, ಶಾಲು, ಮೈಕು ಎಲ್ಲ ರಾಜಕಾರಣಿಗೆ. ಚಿತ್ರ ಬರೆದವರು ಮೂಲೆಯಲ್ಲಿ ನಿಂತಿರುತ್ತಾರೆ. ಎಷ್ಟೋ ಶಾಲೆಗಳಲ್ಲಿ ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗುವುದು ಡ್ರಾಯಿಂಗ್ ಪಿರಿಯಡ್ಡು, ಅದು ಗಣಿತದ ಮೇಷ್ಟ್ರ ಪಾಲು. ತಂದೆ ತಾಯಿ ಕೇಳುವುದೂ ಇಲ್ಲ.

ನೀವು ಇಷ್ಟು ಆಸಕ್ತಿಯಿಂದ ಓದಿ ಪತ್ರ ಬರೆಯುವವರು. ಮಗಳ ವಿಷಯದಲ್ಲಿ ಯಾಕೆ ಹೀಗೆ? ಅವಳ ನಾಲ್ಕು ಚಿತ್ರ ನಮಗೆ ಕಳಿಸಿ, ನೋಡುತ್ತೇವೆ. ಕಾಲೇಜಿನ ಅರ್ಜಿಯನ್ನೂ ತುಂಬಿಸಿಬಿಡಿ.

– ಸಂಪಾದಕ