ರಿಂಗ್ ಮಾಡಿದ ಕೂಡಲೇ ನೆಟ್‌ವರ್ಕ್ ನಿಂತಿದ್ದೇಕೆ?

ಪ್ರಶ್ನೆ: ಸರ್, ದಾವಣಗೆರೆ ಹೊರವಲಯದಲ್ಲಿ ನಮ್ಮ ರೈಸ್ ಮಿಲ್ ಇದೆ. ಆಫೀಸು, ಮಿಲ್, ಎರಡು ಗೋಡೌನು, ವೇಬ್ರಿಡ್ಜ್ ಹೀಗೆ ಐದು ಕಡೆ ನೆಟ್‌ವರ್ಕ್ ಸ್ವಿಚ್, ನಡುವೆ ಫೈಬರ್. ಒಮ್ಮೆ ಜೆಸಿಬಿಗೆ ಸಿಕ್ಕಿ ಕೇಬಲ್ ತುಂಡಾಯಿತು. ಮತ್ತೆ ಹಾಗಾಗಬಾರದೆಂದು ಕೊನೆಯ ಸ್ವಿಚ್‌ನಿಂದ ಆಫೀಸಿಗೆ ಇನ್ನೊಂದು ಫೈಬರ್ ಎಳೆದು ರಿಂಗ್ ಮಾಡಿದೆವು. ಕೂಡಲೇ ಕ್ಯಾಮೆರಾ, ಬಿಲ್ಲಿಂಗ್ ಎಲ್ಲ ನಿಂತವು. ಸ್ವಿಚ್‌ಗಳಲ್ಲಿ ಲೂಪ್ ತಡೆಯುವ ಎಸ್‌ಟಿಪಿ ಆನ್ ಮಾಡಿದ ಮೇಲೆ ಸರಿಹೋಯಿತು. ಆದರೆ ಈಗ ಒಂದು ಕೇಬಲ್ ತೆಗೆದರೂ ಅರ್ಧ ನಿಮಿಷ ಎಲ್ಲ ಬಂದ್. ಏನು ಮಾಡಲಿ?

ಉತ್ತರ: ಆವತ್ತು ಸ್ವಿಚ್‌ಗಳ ಲೈಟೆಲ್ಲ ಬಿಡುವಿಲ್ಲದೆ ಮಿನುಗುತ್ತಿದ್ದಿರಬೇಕು, ಅಲ್ವಾ? ಅದು ಬ್ರಾಡ್‌ಕಾಸ್ಟ್ ಸ್ಟಾರ್ಮ್, ಅಂದರೆ ಎಲ್ಲರಿಗೂ ಕಳಿಸಿದ ಸಂದೇಶಗಳು ಸುತ್ತುತ್ತಾ ನೆಟ್‌ವರ್ಕನ್ನೇ ತುಂಬಿಬಿಡುವುದು. ಐಪಿ ಪ್ಯಾಕೆಟ್‌ನಲ್ಲಿ ಟಿಟಿಎಲ್ ಎಂಬ ಎಣಿಕೆ ಇರುತ್ತದೆ. ಪ್ರತಿ ರೌಟರ್ ಅದರಲ್ಲಿ ಒಂದು ಕಳೆಯುತ್ತದೆ, ಸೊನ್ನೆಯಾದರೆ ಪ್ಯಾಕೆಟ್ ಅಲ್ಲಿಗೇ ಮುಗಿಯಿತು. ಸ್ವಿಚ್‌ಗಳು ಸಾಗಿಸುವ ಈಥರ್ನೆಟ್ ಫ್ರೇಮ್‌ಗೆ ಅಂಥ ಲೆಕ್ಕವೇ ಇಲ್ಲ. ‘ಈ ಐಪಿ ವಿಳಾಸ ಯಾರದು?’ ಎಂದು ಎಲ್ಲರನ್ನೂ ಕೇಳುವ ಒಂದೇ ಒಂದು ಎಆರ್‌ಪಿ ಪ್ರಶ್ನೆ ಎರಡೂ ದಿಕ್ಕಿನಲ್ಲಿ ಸುತ್ತುತ್ತಲೇ ಇರುತ್ತದೆ.

ಅದಕ್ಕೇ ರಿಂಗನ್ನು ಒಂದು ಕಡೆ ಬೇಕಂತಲೇ ಮುಚ್ಚಿಡಬೇಕು. ಎಸ್‌ಟಿಪಿ ಮಾಡುವುದು ಅದನ್ನೇ. ಆದರೆ ಮುಚ್ಚಿದ್ದನ್ನು ತೆರೆಯುವ ಮೊದಲು 15 ಸೆಕೆಂಡ್ ಆಲಿಸುತ್ತದೆ, ಇನ್ನೊಂದು 15 ಸೆಕೆಂಡ್ ಕಲಿಯುತ್ತದೆ. ನಿಮ್ಮ ಅರ್ಧ ನಿಮಿಷ ಹೋಗುವುದು ಅಲ್ಲೇ.

ಮೊದಲು ಎಲ್ಲ ಸ್ವಿಚ್‌ನಲ್ಲೂ ಆರ್‌ಎಸ್‌ಟಿಪಿಗೆ (ಎಸ್‌ಟಿಪಿಯ ವೇಗದ ರೂಪ) ಬದಲಿಸಿ. ನಿಮ್ಮಂಥ ಸಣ್ಣ ರಿಂಗ್ ಸಾಮಾನ್ಯವಾಗಿ ಒಂದೆರಡು ಸೆಕೆಂಡಿನೊಳಗೆ ಚೇತರಿಸಿಕೊಳ್ಳುತ್ತದೆ. ಕ್ಯಾಮೆರಾ, ಬಿಲ್ಲಿಂಗ್‌ಗೆ ಇಷ್ಟು ಸಾಕು, ಸುಮ್ನೆ ದುಡ್ಡು ಹಾಕಬೇಡಿ.

ಮಿಲ್‌ನ ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿಗಳೂ ಇದೇ ರಿಂಗ್‌ನಲ್ಲಿ ಮಾತಾಡುತ್ತಿದ್ದರೆ ಮಾತ್ರ, ರಿಂಗ್‌ಗೆಂದೇ ಮಾಡಿದ ಇಆರ್‌ಪಿಎಸ್ ಪ್ರೋಟೋಕಾಲ್ ಇರುವ ಸ್ವಿಚ್ ನೋಡಿ. ಇದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯುನ ಜಿ.8032 ಮಾನದಂಡ, ಚೇತರಿಕೆಯ ಗುರಿ 50 ಮಿಲಿಸೆಕೆಂಡ್. ಇಲ್ಲಿ ಒಂದು ಲಿಂಕ್ ಮೀಸಲು, ಅದರ ಓನರ್ ಸ್ವಿಚ್ ಅದನ್ನು ಮುಚ್ಚಿಟ್ಟಿರುತ್ತದೆ. ಬೇರೆಲ್ಲೋ ಫೈಬರ್ ತುಂಡಾದರೆ ಅದರ ಎರಡೂ ತುದಿಯ ಸ್ವಿಚ್‌ಗಳು ಆ ಪೋರ್ಟ್ ಮುಚ್ಚಿ ಸುದ್ದಿ ಕಳಿಸುತ್ತವೆ. ಓನರ್ ತನ್ನದನ್ನು ತೆರೆಯುತ್ತದೆ, ಎಲ್ಲ ಸ್ವಿಚ್‌ಗಳೂ ಯಾವ ಸಾಧನ ಯಾವ ಪೋರ್ಟ್ ಕಡೆ ಇದೆ ಎಂಬ ಹಳೆಯ ಮ್ಯಾಕ್ ವಿಳಾಸದ ಪಟ್ಟಿ ಅಳಿಸುತ್ತವೆ. ರಿಪೇರಿಯಾದ ಮೇಲೆ ಮಾತ್ರ ಅವಸರವಿಲ್ಲ. ಸಾಮಾನ್ಯವಾಗಿ 5 ನಿಮಿಷ ಕಾದು ಹಿಂದಿನ ಸ್ಥಿತಿಗೆ ಬರುತ್ತದೆ. ಸರಿಯಾಗಿ ಜಾಯಿಂಟ್ ಆಗದ ಫೈಬರ್ ಬಂದು ಹೋಗಿ ಮಾಡಿದರೆ ಇಡೀ ರಿಂಗ್ ಕುಣಿಯಬಾರದಲ್ಲ!

ಫೈಬರ್‌ಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್‌ಗೆ ಜೋಡಿಸುವ ಪೆಟ್ಟಿಗೆ) ಹಾಕಿದ್ದೀರಾ? ಹಾಗಿದ್ದರೆ ಇದನ್ನು ಗಮನವಿಟ್ಟು ನೋಡಿ. ಹೊರಗೆ ಫೈಬರ್ ತುಂಡಾದರೂ ಕನ್ವರ್ಟರ್‌ನಿಂದ ಸ್ವಿಚ್‌ಗೆ ಬರುವ ತಾಮ್ರದ ಲಿಂಕ್ ಹಸಿರಾಗಿಯೇ ಇರಬಹುದು. ಲಿಂಕ್ ಹೋಗಿದೆ ಅಂತ ಸ್ವಿಚ್‌ಗೆ ಗೊತ್ತೇ ಆಗದಿದ್ದರೆ ಯಾವ 50 ಮಿಲಿಸೆಕೆಂಡೂ ಸಿಗದು. ಫೈಬರನ್ನು ಎಸ್‌ಎಫ್‌ಪಿ (ಸ್ವಿಚ್‌ನಲ್ಲೇ ಸಿಕ್ಕಿಸುವ ಫೈಬರ್ ಮಾಡ್ಯೂಲ್) ಮೂಲಕ ನೇರ ಸ್ವಿಚ್‌ಗೇ ಕೊಡಿ.

ಕೊನೆಗೊಂದು ಮಾತು. ಹೊಸ ಫೈಬರನ್ನು ಹಳೆಯ ಗುಂಡಿಯಲ್ಲೇ ಹಾಕಿದ್ದರೆ ದಯವಿಟ್ಟು ಕಾಂಪೌಂಡಿನ ಇನ್ನೊಂದು ಬದಿಯಿಂದ ಎಳೆಸಿ. ಒಂದೇ ಜೆಸಿಬಿ ಎರಡನ್ನೂ ಕಿತ್ತರೆ ಯಾವ ಪ್ರೋಟೋಕಾಲೂ ಕೆಲಸಕ್ಕೆ ಬಾರದು.